ಹದಿನಾಲ್ಕು ಸುತ್ತು

ಲಾಳೇಮಶಾಕ ಕಾಕಾ ರಿಟೈರ್ ಆದ ದಿನ
ಹಾರ ಹಾಕಿದ್ರು, ಗೋಡೆ ಗಡಿಯಾರ ಕೊಟ್ರು.
ಅಂವ ಸೈಕಲ್ಲಿಗೆ ಕಟ್ಟಿದ್ದ ವಾಲಿನ ಚಾವಿ ಬಿಚ್ಚಿ
ನನ್ನ ಕೈಯಾಗ ಇಟ್ಟ.
ಎದಿಮಟ ಎತ್ತರದ ಕಬ್ಬಿಣ,
ಹಿಡಿಕಿ ಸವೆದು ಕನ್ನಡಿ ಆಗಿತ್ತು.

"ಹಿಂಗ ತಿರುವಿದ್ರ ತೆರೀತದ, ಹಂಗ ತಿರುವಿದ್ರ ಮುಚ್ಚತದ.
ಕಲಿಯೂದು ಅಷ್ಟಽ ಅದ, ತಂಗಿ," ಅಂದ.
ಆಮ್ಯಾಲ ಮೂರು ತಿಂಗಳು ಕಲಿಸಿದ.

ವಿಜಾಪುರದ ನಮ್ಮ ಓಣಿಗೆ ನೀರು ಎಂಟು ದಿನಕ್ಕೊಮ್ಮೆ.
ಬಾದಶಾಹಿ ಕಾಲದ ನೀರಿನ ಗಂಜ್ ಒಂದು
ಬಾಯಿ ಒಣಗಿಸಿಕೊಂಡು ನಿಂತದ,
ಮ್ಯಾಲ ಗಿಳಿಗಳ ಸಂಸಾರ.
ಅದರ ಬುಡದಾಗಽ ನನ್ನ ಗುಂಡಿ.
ಮುಚ್ಚಳ ಎತ್ತಿದ್ರ ಚೇಳು, ಗುಟಕಾ ಚೀಟಿ,
ಅವುಗಳ ನಡುವ ಇಡೀ ಓಣಿಯ ಗಂಟಲು.

ಕಾಕಾನ ಲೆಕ್ಕ ಯಾವ ರಜಿಸ್ಟರಿನ್ಯಾಗೂ ಇರಲಿಲ್ಲ.
ತಗ್ಗಿನ ಸಾಲಿಗೆ ಒಂಬತ್ತು ಸುತ್ತು ಸಾಕು,
ಅಲ್ಲಿಗೆ ನೀರು ತಾನಾಗಿ ಓಡತದ.
ದಿಬ್ಬದವರಿಗೆ ಹದಿನಾಲ್ಕೂ ತೆರಿ,
ಮತ್ತ ಮೊದಲ ತೆರಿ.
ಅವರ ಕಡೆ ನೀರು ದಮ್ಮು ಹತ್ತಿಸಿಕೊಂಡು ಏರತದ,
ಮುದುಕಿ ಹಂಗ, ಅಲ್ಲಲ್ಲಿ ಕೂತು.
ಸಾವಿನ ಮನಿಗೆ ಪಾಳಿ ಕೇಳಬ್ಯಾಡ.
ಬಾಣಂತಿ ಮನಿಗೂ.
ಮದುವಿ ಮನಿಯವರು ಟ್ಯಾಂಕರ್ ತರಿಸ್ತಾರ,
ನಿನಗ ಲಾಡು ಕೊಡ್ತಾರ, ತಿನ್ನು,
ತಿಂದು ಒಂದು ಸುತ್ತೂ ಹೆಚ್ಚು ತೆರೀಬ್ಯಾಡ.

ಕಾಕಾ ಬರೂದು ಬಿಟ್ಟ ಹದಿನೈದು ದಿನದಾಗ
ನನ್ನ ನಡಿಗಿ ಬದಲಾತು.
ಹೆಗಲ ಮ್ಯಾಲ ಚಾವಿ ಇದ್ರ
ಚಹಾದ ದುರಗಪ್ಪ ರೊಕ್ಕ ಕೇಳಲಿಲ್ಲ.
ಮೆಂಬರ್ ಮನಿ ಹೆಣ್ಣಮಕ್ಕಳು 'ಅಕ್ಕಾರಽ' ಅಂದ್ರು.
ಹೋದ ವರ್ಷ ಅವರ ಭಾಂಡೆ ತಿಕ್ಕಾಕಿ ನಾ.
ನನ್ನೊಳಗೊಬ್ಬ ಸಣ್ಣ ಬಾದಶಾಹ
ಕಾಲು ಚಾಚಿ ಕೂತ.

ದಿಬ್ಬದ ಮ್ಯಾಲಿನ ಚಂದ್ರಭಾಗಾ
ಒಮ್ಮೆ ನಳದ ಜಗಳದಾಗ
ನನಗ 'ಗಂಡ ಬಿಟ್ಟಾಕಿ' ಅಂದಿದ್ಲು,
ಓಣಿಗೆ ಓಣಿನಽ ಕೇಳೂ ಹಂಗ.
ಆ ಶುಕ್ರವಾರ ಅವಳ ಸಾಲಿಗೆ ಆರಽ ಸುತ್ತು.
ಯಾರಿಗೇನು ತಿಳೀತದ?
ಪ್ರೆಶರ್ ಇಲ್ಲ ಅಂದ್ರ ಮುಗೀತು.

ಕಾಕಾಗ ಯಾರು ಹೇಳಿದ್ರೋ.
ಮರುದಿನ ಸಂಜಿಕ ಬಂದ. ಸಿಟ್ಟಿರಲಿಲ್ಲ.
"ಬಾ, ಅಡ್ಡಾಡಿ ಬರೂಣು" ಅಂದ.
ದಿಬ್ಬ ಏರಿ, ಚಂದ್ರಭಾಗಾನ ಬಾಗಿಲಿಗೆ ನಿಂತು
"ಬಾಯಿ, ಒಂದು ತಂಬಗಿ ನೀರು" ಅಂದ.
ಅಕಿ ನನ್ನ ನೋಡಿದ್ಲು. ಒಳಗ ಹೋದ್ಲು.
ಬಿಂದಿಗಿ ಓರೆ ಮಾಡೂ ಸಪ್ಪಳ,
ತಳಕ್ಕ ತಂಬಗಿ ಕೆರೆಯೂ ಸಪ್ಪಳ.
ಹನಿ ಚೆಲ್ಲದಂಗ ತಂದ್ಲು.
ಕಾಕಾ ಅರ್ಧ ಕುಡಿದ, ತಂಬಗಿ ಕೆಳಗಿಟ್ಟ.
"ನೀನೂ ಕುಡಿಯವ್ವ, ಬಿಸಲಾಗ ಬಂದೀ"
ಅಂದಾಕಿ ಚಂದ್ರಭಾಗಾನಽ.

ಕುಡಿದೆ.
ನೀರಿಗೆ ಆರು ಸುತ್ತಿನ ರುಚಿ ಇತ್ತು.

ಇಳಿಯೂ ಮುಂದ ಕಾಕಾ ತನ್ನ ಮೊಣಕಾಲಿನ ಮಾತಾಡಿದ,
ಮಗಳ ಊರು ತಾಳಿಕೋಟಿಗೆ ಹೋಗೂ ಬಸ್ಸಿನ ಮಾತಾಡಿದ.
ಚಾವಿ ಮಾತು ತೆಗೀಲಿಲ್ಲ.

ರಾತ್ರಿ ಎರಡಕ್ಕ ಮುಚ್ಚಳ ಎತ್ತಿದೆ.
ಮೇನ್ ಲೈನಿನ್ಯಾಗ ಇನ್ನೂ ನೀರಿತ್ತು.
ಒಂದು, ಎರಡು, ಬಾಯಿಬಿಟ್ಟು ಎಣಿಸಿದೆ.
ಒಂಬತ್ತಕ್ಕ ತೋಳು ಸೋತ್ವು.
ಈ ಚಾವಿ ನಿಂತು ತಿರುವಾಕ ಬರೂದಿಲ್ಲ,
ಬಾಗಬೇಕು,
ಹಿಡಿಕಿಗೆ ಎದಿ ಕೊಟ್ಟು
ಗಾಣದ ಎತ್ತಿನಂಗ ಅದರ ಸುತ್ತ ಅಡ್ಡಾಡಬೇಕು.
ಕಾಕಾನ ಗೂನು ಬೆನ್ನು ಎಲ್ಲಿಂದ ಬಂತು ಅಂತ
ಆವತ್ತು ಗೊತ್ತಾತು.

ಹದಿನಾಲ್ಕು.

ಆಮ್ಯಾಲ ಬರೇ ಕತ್ತಲಿ, ಒಂದು ನಾಯಿ.
ಭಾಳ ಹೊತ್ತಿನ ಮ್ಯಾಲ
ದಿಬ್ಬದ ತುದಿಯಾಗ ಒಂದು ನಳ ಕೆಮ್ಮಿತು.
ಮೊದಲ ಗಾಳಿ, ಬರೇ ಗಾಳಿ,
ಆಮ್ಯಾಲ ಒಂದು ಕೊಡ ಠಣ್ ಅಂತು.
ದೀಪ ಹತ್ತಿದ್ವು, ಬಾಗಿಲು ಬಡಕೊಂಡ್ವು,
ಯಾರೋ ಎಬ್ಬಿಸಿಕೋತ ಓಡಿದ್ರು, ಮತ್ಯಾರೋ ಕೂಗಿದ್ರು,
"ಇದೇನು ನೀರು ಬಿಡೂ ಹೊತ್ತೇನಽ, ಹಾಟಗ್ಯಾಳ!"
ದನಿ ಚಂದ್ರಭಾಗಾಂದಽ ಇತ್ತು.

ಗುಂಡಿ ದಂಡಿಗೆ ಕೂತು,
ಚಾವಿ ಮಡಲಾಗ ಇಟಗೊಂಡು,
ಎರಡು ತಾಸು ಬೈಗಳ ಕೇಳಿದೆ.